ಅಮ್ಮನ ಪರವಾಗಿ ಮಾತನಾಡುವವರು ಯಾರು?



ನಿಮ್ಮಲ್ಲಿ ಕೆಲವರಿಗಾದರೂ ನನ್ನ ನೆನಪಿರಬಹುದು. 2020ರ ಕೊನೆಯವರೆಗೆ ಐದು ವರ್ಷ ಅಮೆರಿಕದಲ್ಲಿ ನಿಮ್ಮ ನಡುವೆಯೇ ಇದ್ದವನು. ದೇವಸ್ಥಾನದ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಿದ್ದೇನೆ, ಗಣೇಶನ ಹಬ್ಬದಲ್ಲಿ ಕೈಕೊಟ್ಟ ಮೈಕನ್ನು ಸರಿ ಮಾಡಿದ್ದೇನೆ. ಈಗ ಕುವೈತಿನ ದಕ್ಷಿಣ ತುದಿಯಲ್ಲಿ, ಸೌದಿ ಗಡಿಯ ಪಕ್ಕದ ವಫ್ರಾ ಎಂಬ ಊರಿನಲ್ಲಿ ತೈಲಕ್ಷೇತ್ರದ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. 1953ರಲ್ಲಿ ಇಲ್ಲಿ ತೈಲ ಸಿಕ್ಕಿತು. ಅದರಲ್ಲಿ ಕುವೈತಿಗೂ ಸೌದಿಗೂ ಪಾಲು. 2015ರಲ್ಲಿ ನಿಂತುಹೋಗಿದ್ದ ಉತ್ಪಾದನೆ 2020ರಲ್ಲಿ ಮತ್ತೆ ಶುರುವಾಯಿತು, ಅದಾದ ಸ್ವಲ್ಪ ದಿನಕ್ಕೆ ನಾನು ಬಂದೆ. ಒಂದು ಕಡೆ ತೈಲದ ಬಾವಿಗಳು, ಇನ್ನೊಂದು ಕಡೆ ತೋಟಗಳು. ಮರಳುಗಾಡಿನಲ್ಲಿ ತೋಟವೇ ಎಂದು ಕೇಳಬೇಡಿ. ಕುವೈತಿನ ಜನ ತಿನ್ನುವ ಟೊಮೆಟೊ, ಸೌತೆಕಾಯಿಯಲ್ಲಿ ಬಹಳಷ್ಟು ಬೆಳೆಯುವುದು ಇಲ್ಲಿಯ ಹಸಿರುಮನೆಗಳಲ್ಲಿ.

ಸಂಪಾದಕರು ಮರಳುಗಾಡಿನ ಅನುಭವ ಬರೆಯಿರಿ ಎಂದಿದ್ದರು. ಕ್ಷಮಿಸಬೇಕು, ಬೇರೆಯದನ್ನೇ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ. ವಯಸ್ಸಾದವರು ಒಂದು ಆರೈಕೆಯ ಮನೆ ಸೇರಿದ ಮೇಲೆ ಅವರ ಪರವಾಗಿ ಮಾತನಾಡಬೇಕಾದವರು ಯಾರು? ಇದರಲ್ಲಿ ಪ್ರಶ್ನೆ ಏನು ಬಂತು, ಮಕ್ಕಳೇ ಅಲ್ಲವೇ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಅಮೆರಿಕದಲ್ಲಿದ್ದಾಗ 2018ರಿಂದ ಎರಡು ವರ್ಷ ನಾನು ಒಂದು ಸ್ವಯಂಸೇವೆ ಮಾಡಿದ್ದೆ. ಇದು ದೇವಸ್ಥಾನದಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ನರ್ಸಿಂಗ್ ಹೋಮ್‌ನಲ್ಲಿ ವಾಸವಾಗಿರುವವರ ಓಂಬುಡ್ಸ್‌ಮನ್ ಕೆಲಸ. (ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಗಂಡಸರು ಹೆರಿಗೆ ಆಸ್ಪತ್ರೆಯಲ್ಲಿ ಏನು ಮಾಡ್ತೀರೋ?" ಎಂದು ಕೇಳಿದ್ದಳು. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಅದೇ ತಾನೆ.) ಓಂಬುಡ್ಸ್‌ಮನ್ ಎನ್ನುವುದು ಸ್ವೀಡನ್ನಿನಿಂದ ಬಂದ ಮಾತು. ಆಡಳಿತದ ವಿರುದ್ಧ ಪ್ರಜೆಗಳ ದೂರು ಕೇಳಲು ಅಲ್ಲಿ 1809ರಲ್ಲೇ ಆ ಹುದ್ದೆ ಮಾಡಿದ್ದರು. ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ ಅವ್ಯವಸ್ಥೆಯ ಸುದ್ದಿಗಳು ಹೆಚ್ಚಾದಾಗ 1972ರಲ್ಲಿ ಕೆಲವು ರಾಜ್ಯಗಳಲ್ಲಿ ಪ್ರಯೋಗವಾಗಿ ಇದನ್ನು ಆರಂಭಿಸಿದರು. 1978ರಲ್ಲಿ ಪ್ರತಿ ರಾಜ್ಯದಲ್ಲೂ ಇರಲೇಬೇಕೆಂದು ಕಾನೂನಾಯಿತು. ಸಂಬಳದ ನೌಕರರು ಕಡಿಮೆ, ನನ್ನಂಥ ಸ್ವಯಂಸೇವಕರು ಸಾವಿರಾರು. ತರಬೇತಿ ಕೊಟ್ಟು, ಒಂದು ಬ್ಯಾಡ್ಜ್ ಕೊಟ್ಟು, ಇಂಥ ಮನೆಗೆ ಹೋಗಿ ಎಂದು ಕಳಿಸುತ್ತಾರೆ. ದಂಡ ಹಾಕುವ ಅಧಿಕಾರ ನಮಗಿಲ್ಲ, ನಾವು ಇನ್ಸ್‌ಪೆಕ್ಟರ್‌ಗಳಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳುವುದು, ಅವರು ಒಪ್ಪಿದರೆ ಅವರ ಮಾತನ್ನು ಆಡಳಿತದವರ ಮುಂದಿಡುವುದು, ಇಷ್ಟೇ.

ಈ "ಒಪ್ಪಿದರೆ" ಎಂಬುದರಲ್ಲೇ ಎಲ್ಲಾ ಇದೆ. ನಿವಾಸಿ ಬೇಡ ಎಂದರೆ ಅವರ ದೂರನ್ನು ಯಾರಿಗೂ ಹೇಳುವಂತಿಲ್ಲ. ಮ್ಯಾನೇಜರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಇನ್ನೊಂದು ನಿಯಮ ಕೇಳಿ. ನಮ್ಮ ತೀರಾ ಹತ್ತಿರದ ಬಂಧುಗಳು ಇರುವ ಮನೆಯಲ್ಲಿ ನಾವು ಓಂಬುಡ್ಸ್‌ಮನ್ ಆಗುವುದನ್ನು ಹಿತಾಸಕ್ತಿಯ ಘರ್ಷಣೆ ಎಂದೇ ಎಣಿಸುತ್ತಾರೆ. ತರಬೇತಿಯಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಲಂಚ ತಗೊಳ್ಳುವವನಿಗೂ ಮಗನಿಗೂ ಒಂದೇ ಹೆಸರೇ? ಈ ದೇಶದವರಿಗೆ ಸಂಬಂಧ ಎಂದರೆ ಏನೆಂದೇ ಗೊತ್ತಿಲ್ಲ ಎಂದುಕೊಂಡೆ.

ನಾನು ಹೋಗುತ್ತಿದ್ದ ಮನೆಯಲ್ಲಿ ನಮ್ಮವರೇ ಒಬ್ಬ ಅಜ್ಜಿ ಇದ್ದರು. ಹಾಸನದ ಕಡೆಯವರು. ಸೊಂಟ ಮುರಿದ ಮೇಲೆ ಅಲ್ಲಿಗೆ ಬಂದಿದ್ದರು. ಕನ್ನಡ ಮಾತಾಡುವವನು ಸಿಕ್ಕ ಎಂದು ಮೊದಲ ದಿನ ನನ್ನ ಕೈ ಬಿಡಲೇ ಇಲ್ಲ. ಅವರ ಮಗ ದೇವಸ್ಥಾನದಲ್ಲಿ ನನಗೆ ಪರಿಚಯ. ಬಹಳ ಒಳ್ಳೆಯವರು, ಪ್ರತಿ ಭಾನುವಾರ ತಾಯಿಯನ್ನು ಕಾರಿನಲ್ಲಿ ಮನೆಗೆ ಕರೆದುಕೊಂಡು ಹೋಗಿ ಊಟ ಮಾಡಿಸಿ ವಾಪಸ್ಸು ಬಿಡುತ್ತಿದ್ದರು. ಒಂದು ದಿನ ಅವರೇ ನನ್ನ ಹತ್ತಿರ ದೂರು ತಂದರು. "ಭಾನುವಾರ ನಾನು ಹೋಗೋ ಹೊತ್ತಿಗೆ ಅಮ್ಮನಿಗೆ ಸ್ನಾನ ಮಾಡಿಸಿರೋದಿಲ್ಲ, ಸೀರೆ ಉಡಿಸಿರೋದಿಲ್ಲ. ಬೇಕೂಂತ ಮಾಡ್ತಾರೆ. ನೀವು ಸ್ವಲ್ಪ ವಿಚಾರಿಸಬೇಕು."

ನಾನು ಹುರುಪಿನಿಂದ ಹೋದೆ. ಅಜ್ಜಿಯನ್ನು ಕೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಅವರದ್ದೇನೂ ತಪ್ಪಿಲ್ಲಪ್ಪ, ನಾನೇ ಬೇಡ ಅಂದದ್ದು" ಎಂದರು. ಕಾರು ಹತ್ತಿ ಇಳಿಯುವಾಗ ಪ್ರಾಣ ಹೋದ ಹಾಗೆ ಆಗುತ್ತಂತೆ. ಮನೆಯಲ್ಲಿ ಎಲ್ಲರೂ ಅವರವರ ಕೆಲಸದಲ್ಲಿ ಇರುತ್ತಾರೆ, ತಾನು ಸೋಫಾದಲ್ಲಿ ಗಂಟೆಗಟ್ಟಲೆ ಕೂತಿರಬೇಕು, ಬಚ್ಚಲಿಗೆ ಹೋಗಬೇಕೆಂದರೆ ಸೊಸೆಯನ್ನು ಕರೆಯಲು ಸಂಕೋಚ. ಭಾನುವಾರ ಮಧ್ಯಾಹ್ನ ಪಕ್ಕದ ಮಂಚದ ಮುದುಕಿಯ ಜೊತೆ ಕಿಟಕಿಯ ಹತ್ತಿರ ಕೂತಿರುವುದೇ ಇಷ್ಟ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಅದು ಬೇರೆ ಮಾತು. ಕೊನೆಗೆ ಹೇಳಿದರು, "ಅವನಿಗೆ ಹೇಳಬೇಡ ಮಗು. ನೊಂದ್ಕೋತಾನೆ."

ಈಗ ನಾನೇನು ಮಾಡಬೇಕಿತ್ತು? "ನೀವೇ ಹೇಳಿ, ನಾನು ಪಕ್ಕದಲ್ಲಿ ಇರ್ತೀನಿ" ಎಂದೆ. ಎರಡು ವಾರ ಯೋಚನೆ ಮಾಡಿ "ಬೇಡ" ಎಂದರು. ಮಗನಿಗೆ "ಈ ವಿಷಯದಲ್ಲಿ ನಾನು ಮುಂದುವರಿಯುವ ಹಾಗಿಲ್ಲ" ಎಂದಷ್ಟೇ ಹೇಳಿದೆ. ಅವರಿಗೆ ಸಿಟ್ಟು ಬಂತು. "ಹಾಗಾದರೆ ಅವರು ನಿಮಗೆ ಏನು ಹೇಳಿದರು? ನಾನು ಅವರ ಮಗ ಕಣ್ರೀ!" ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ನಡೆದ ಮಾತು ಅದು. ಆಮೇಲೆ ಅವರು ನನ್ನನ್ನು ಮಾತನಾಡಿಸುವುದನ್ನೇ ಬಿಟ್ಟರು. 2020ರ ಮಾರ್ಚ್ 13ರ ಸರ್ಕಾರಿ ಸೂಚನೆಯಿಂದ ನರ್ಸಿಂಗ್ ಹೋಮ್‌ಗಳ ಬಾಗಿಲು ಹೊರಗಿನವರಿಗೆ ಮುಚ್ಚಿತು, ನಮ್ಮಂಥವರಿಗೂ. ಭಾನುವಾರದ ಪ್ರಶ್ನೆ ತಾನಾಗೇ ಇಲ್ಲವಾಯಿತು. ಅಜ್ಜಿಯ ಕಿವಿ ಮಂದ, ಫೋನು ಕೇಳಿಸುತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಇದನ್ನು ಈಗ ಹೇಗೆ ಬರೆಯುತ್ತಿದ್ದೇನೆ ಎಂದು ನೀವು ಕೇಳುವುದು ನ್ಯಾಯವೇ. ಹೋದ ವರ್ಷ ಆ ಮಗನೇ ನನಗೆ ಫೋನ್ ಮಾಡಿದ್ದರು. ತಾಯಿಯ ಕಡತಗಳನ್ನು ಬಹಳ ತಡವಾಗಿ ಬಿಡಿಸಿ ಓದಿದರಂತೆ. ಅದರಲ್ಲಿ ಒಂದಲ್ಲ, ಹನ್ನೊಂದು ಭಾನುವಾರ "ನಿವಾಸಿ ಹೊರಗೆ ಹೋಗಲು ನಿರಾಕರಿಸಿದರು" ಎಂದು ನರ್ಸ್ ಬರೆದಿದ್ದರಂತೆ. "ನೀವು ಹೇಳಬಹುದಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು "ಹೇಳದೆ ಇದ್ದದ್ದೂ ಸರಿಯೇ" ಎಂದರು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವನ್ನು ಬದಲಿಸಿದ್ದೇನೆ. ಅಜ್ಜಿಯ ಒಪ್ಪಿಗೆ ಪಡೆಯಲು ಸಾಧ್ಯವಿಲ್ಲ, ಆ ಅಳುಕು ಇದ್ದೇ ಇದೆ.

ಶ್ರವಣಕುಮಾರನ ಕಥೆ ನಮ್ಮ ಮಕ್ಕಳಿಗೆಲ್ಲಾ ಹೇಳುತ್ತೇವೆ. ಅವನ ಹೆಗಲು, ಆ ಅಡ್ಡೆ, ದಶರಥನ ಬಾಣ ಇವು ನೆನಪಿರುತ್ತವೆ. ಆದರೆ ತೀರ್ಥಯಾತ್ರೆ ಹೋಗಬೇಕು ಎಂದು ಆಸೆಪಟ್ಟವರು ಕುರುಡು ತಂದೆತಾಯಿ ಎನ್ನುವುದು ಮರೆತುಹೋಗುತ್ತದೆ. ದಾರಿ ಅವರದು, ಹೆಗಲು ಮಾತ್ರ ಮಗನದು. ನಾವು ಹೆಗಲು ಕೊಡುವ ಮಕ್ಕಳು, ಇಲ್ಲ ಎನ್ನುವುದಿಲ್ಲ. ಆದರೆ ದಾರಿಯನ್ನೂ ನಾವೇ ಗೊತ್ತು ಮಾಡುತ್ತೇವೆ.

ಇಲ್ಲಿ ವಫ್ರಾದಲ್ಲಿ ಹೊರದೇಶದವರು ಮುದುಕರಾಗುವುದು ಅಪರೂಪ. ವೀಸಾ ಕೆಲಸಕ್ಕೆ ಅಂಟಿಕೊಂಡದ್ದು, ಕೆಲಸ ಮುಗಿದರೆ ಊರಿಗೆ ಹೊರಡಬೇಕು. ವಯಸ್ಸಾದವರು ಎಂದರೆ ಈ ನಾಡಿನವರೇ. ಕುವೈತ್ 2016ರಲ್ಲಿ ವೃದ್ಧರ ಆರೈಕೆಗೆಂದೇ ಕಾನೂನು ಮಾಡಿತು. ಹೊಣೆ ಮೊದಲು ಮನೆಯವರದು ಎಂಬುದು ಅದರ ತಿರುಳು. ಆದರೆ ಮನೆಯಲ್ಲಿ ಕೈಹಿಡಿದು ನಡೆಸುವವರು ಬಹಳ ಕಡೆ ಭಾರತದಿಂದಲೋ ಶ್ರೀಲಂಕಾದಿಂದಲೋ ಫಿಲಿಪೀನ್ಸಿನಿಂದಲೋ ಬಂದ ಹೆಂಗಸರು. ನಮ್ಮ ಕ್ಯಾಂಪಿನ ಹತ್ತಿರದ ತೋಟಕ್ಕೆ ಚಳಿಗಾಲದ ಶುಕ್ರವಾರಗಳಲ್ಲಿ ಒಂದು ಕುಟುಂಬ ಬರುತ್ತದೆ. ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ, ಅವರ ಜೊತೆಗೆ ಕಡಪ ಜಿಲ್ಲೆಯ ಒಬ್ಬ ಹೆಂಗಸು. ಮಕ್ಕಳು ಅಜ್ಜನನ್ನು ಎ.ಸಿ. ಕೋಣೆಯಲ್ಲಿ ಕೂರಿಸುತ್ತಾರೆ. ಅವರು ಅತ್ತ ಹೋದ ಹತ್ತೇ ನಿಮಿಷಕ್ಕೆ ಈಕೆ ಕುರ್ಚಿಯನ್ನು ತಳ್ಳಿಕೊಂಡು ರಸ್ತೆ ಕಾಣುವ ಕಡೆ ತಂದು ನಿಲ್ಲಿಸುತ್ತಾಳೆ. ಹೋಗಿಬರುವ ಲಾರಿಗಳನ್ನು ಅಜ್ಜ ನೋಡುತ್ತಾ ಇರುತ್ತಾರೆ. ಅಜ್ಜನಿಗೆ ಮಾತು ಬಿದ್ದುಹೋಗಿದೆ. ನಿನಗೆ ಹೇಗೆ ಗೊತ್ತಮ್ಮ ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ. "ಎಲ್ಲಾ ಕಡೆಗೂ ತಿರುಗಿಸಿ ತಿರುಗಿಸಿ ನೋಡಿದೆ ಸಾರ್. ಈ ಕಡೆ ತಿರುಗಿಸಿದಾಗ ಕಾಲು ಅಲ್ಲಾಡಿಸೋದು ನಿಲ್ಲಿಸ್ತಾರೆ" ಎಂದಳು. ಮರೆವಿನ ರೋಗ ಬಂದವರ, ಮಾತು ಹೋದವರ ಇಷ್ಟ ಏನೆಂದು ಕೇಳುವುದು ಹೇಗೆ ಎಂದು ನಮ್ಮ ತರಬೇತಿಯಲ್ಲಿ ಒಂದು ಇಡೀ ಮಧ್ಯಾಹ್ನ ಪಾಠ ಮಾಡಿದ್ದರು. ಆಕೆ ಆ ಪಾಠವನ್ನು ಎಲ್ಲಿ ಕಲಿತಳೋ. (ಆಕೆಯ ಇಷ್ಟವನ್ನು ಇಲ್ಲಿ ಯಾರು ಕೇಳುತ್ತಾರೆ ಎನ್ನುವುದು ಇನ್ನೊಂದು ಲೇಖನದ ವಿಷಯ.)

ಇನ್ನು ನನ್ನ ಮನೆಯ ಮಾತು.

ಅಣ್ಣ (ನಮ್ಮ ತಂದೆಯನ್ನು ನಾವು ಹಾಗೆ ಕರೆಯುವುದು) 2022ರಲ್ಲಿ ಹೋದರು. ಅಮ್ಮ ಮೈಸೂರಿನ ಮನೆಯಲ್ಲಿ ಒಬ್ಬಳೇ. ಮರುವರ್ಷ ಬಚ್ಚಲುಮನೆಯಲ್ಲಿ ಜಾರಿಬಿದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ಕೆಲಸದವಳು ಬಂದು, ಪಕ್ಕದ ಮನೆಯವರನ್ನು ಕರೆದು, ಬಾಗಿಲು ಒಡೆಯುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಅಕ್ಕ ಆಸ್ಟ್ರೇಲಿಯಾದಲ್ಲಿ, ನಾನು ಇಲ್ಲಿ. ಮೈಸೂರಿನ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಒಳ್ಳೆಯ ಜಾಗ, ತುಳಸಿಕಟ್ಟೆ ಇದೆ, ಸಂಜೆ ಭಜನೆ ಇದೆ. ಅಮ್ಮನೇ ಒಪ್ಪಿದಳು ಎಂದು ಕೇಳಿದವರಿಗೆಲ್ಲಾ ಹೇಳುತ್ತೇವೆ. ಒಪ್ಪಿದಳೋ, ಒಪ್ಪಿಸಿದೆವೋ, ಈಗ ಬಿಡಿಸಿ ಹೇಳಲು ನನ್ನಿಂದ ಆಗುವುದಿಲ್ಲ.

ಶನಿವಾರ ಇಲ್ಲಿಯ ಒಂದೂವರೆ ಗಂಟೆಗೆ ಅಲ್ಲಿ ನಾಲ್ಕು. ಆಫೀಸು ಕೋಣೆಯಲ್ಲಿ ಫೋನು, ಪಕ್ಕದಲ್ಲಿ ವಾರ್ಡನ್. ಅಮ್ಮನಿಗೆ ಕೇಳಿಸಲಿ ಎಂದು ಸ್ಪೀಕರ್ ಹಾಕಿರುತ್ತಾರೆ. "ಹೇಗಿದ್ದೀಯಮ್ಮ?" "ಚೆನ್ನಾಗಿದ್ದೀನಿ ಕಣೋ. ನೀನು ಊಟ ಮಾಡಿದ್ಯಾ?" ಇಷ್ಟು ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ. ವಾಟ್ಸಾಪಿನಲ್ಲಿ ಫೋಟೋಗಳು ಬರುತ್ತಿದ್ದವು. ಎಲ್ಲಾ ಫೋಟೋದಲ್ಲೂ ಅಮ್ಮ ಕೈ ಕಟ್ಟಿಕೊಂಡು ಕೂತಿದ್ದಾಳೆ.

ನಾನು ಓಂಬುಡ್ಸ್‌ಮನ್ ಕೆಲಸ ಮಾಡಿದವನಲ್ಲವೇ, ನಮ್ಮ ಊರಿನಲ್ಲಿ ಇದಕ್ಕೆ ಏನು ವ್ಯವಸ್ಥೆ ಎಂದು ಹುಡುಕಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ನ್ಯಾಯಮಂಡಳಿಗೆ ಹೋಗಬಹುದು. ಅವರು ಬಯಸಿದರೆ ನಿರ್ವಹಣಾಧಿಕಾರಿ ಅವರ ಪರವಾಗಿ ನಿಲ್ಲುತ್ತಾನೆ. ಇದು ಒಳ್ಳೆಯದೇ, ಆದರೆ ಇದು ದುಡ್ಡು ಕಳಿಸದ ಮಕ್ಕಳ ವಿರುದ್ಧ. ದುಡ್ಡು ಕಳಿಸುವ ಮಕ್ಕಳ ತಾಯಿ ವೃದ್ಧಾಶ್ರಮದೊಳಗೆ ಹೇಗಿದ್ದಾಳೆ ಎಂದು ಕೇಳಲು ಅಂಥ ಅಧಿಕಾರಿ ಇಲ್ಲ. ವೃದ್ಧಾಶ್ರಮಗಳ ನೋಂದಣಿ, ಮಟ್ಟ ಇವನ್ನೆಲ್ಲಾ ಸೇರಿಸಿ ಒಂದು ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಆ ಲೋಕಸಭೆಯ ಅವಧಿ ಮುಗಿದರೂ ಅದು ಕಾನೂನಾಗಲಿಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಲ್ಲೇ ಹಿರಿಯರ ಸಹಾಯವಾಣಿ ಆರಂಭಿಸಿದ್ದರು, 1090. ಈಗ ದೇಶಕ್ಕೆಲ್ಲಾ 14567 ಎಂಬ ಎಲ್ಡರ್‌ಲೈನ್ ಇದೆ. ನಂಬರು ಬರೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಆದರೆ ಫೋನು ಇರುವುದು ವಾರ್ಡನ್ ಮೇಜಿನ ಮೇಲಾದರೆ?

ಹೊರಗಿನವರ ಕಾಲು ಬೀಳದ ಮನೆ ಏನಾಗಬಹುದು ಎನ್ನುವುದಕ್ಕೆ ನಮ್ಮಲ್ಲೇ ಒಂದು ಕಹಿ ನೆನಪಿದೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಗ ನಾನು ಇಂಜಿನಿಯರಿಂಗ್ ಓದುತ್ತಿದ್ದೆ, ಹಾಸ್ಟೆಲಿನಲ್ಲಿ ಓದಿ ಪುಟ ತಿರುಗಿಸಿದ್ದೆ. ಅವರಿಗೆ ಯಾರೂ ಇರಲಿಲ್ಲ, ಅದಕ್ಕೇ ಹಾಗಾಯಿತು, ನಮ್ಮವರಿಗೆ ನಾವಿದ್ದೇವಲ್ಲ ಎಂದುಕೊಂಡಿದ್ದೆ.

ಕೊನೆಗೆ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಡಂಗೆ ಫೋನ್ ಮಾಡಿದೆ. ನಿವೃತ್ತರಾಗಿ ಮೈಸೂರಿನಲ್ಲೇ ಇದ್ದಾರೆ. ಶನಿವಾರ ಒಮ್ಮೆ ಅಮ್ಮನ ಹತ್ತಿರ ಹೋಗಿ ಕೂತು ಬರುತ್ತೀರಾ ಎಂದು ಕೇಳಿದೆ. ಆಗಬಹುದು ಎಂದರು. ನಾನು ತರಬೇತಿಯಲ್ಲಿ ಕಲಿತದ್ದನ್ನೆಲ್ಲಾ ಅವರಿಗೆ ಒಪ್ಪಿಸಿದೆ. ಕೋಣೆಯ ಬಾಗಿಲು ಹಾಕಿಕೊಂಡು ಮಾತನಾಡಿ, ಅವರೇ ಹೇಳುವವರೆಗೆ ಕಾಯಿರಿ, ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬೇಡಿ. ಜಾಣತನದಿಂದ ಹೇಳಿದ್ದೆ ನೋಡಿ.

ನಾಲ್ಕನೇ ವಾರ ಅವರ ಫೋನು ಬಂತು. "ನಿಮ್ಮಮ್ಮ ಮೂರು ವಿಷಯ ಹೇಳಿದ್ರು ಕಣಪ್ಪ. ಎರಡನ್ನ ವಾರ್ಡನ್ ಹತ್ತಿರ ಮಾತಾಡಿ ಅಂದಿದ್ದಾರೆ. ಒಂದು, ರಾತ್ರಿ ಎಂಟಕ್ಕೇ ದೀಪ ಆರಿಸ್ತಾರಂತೆ, ಪೇಪರ್ ಓದೋಕಾಗಲ್ಲ. ಇನ್ನೊಂದು, ಬಚ್ಚಲುಮನೆಗೆ ಒಳಚಿಲಕ ಇಲ್ಲ. ಯಾರು ಯಾವಾಗ ತಳ್ಕೊಂಡು ಬರ್ತಾರೋ ಅಂತ ನಾಲ್ಕು ದಿನಕ್ಕೊಂದ್ಸಲ ಸ್ನಾನ ಮಾಡ್ತಾರಂತೆ."

"ಮೂರನೇದು?"

"ಅದನ್ನ ನಿನಗೆ ಹೇಳಬಾರದು ಅಂದಿದ್ದಾರೆ."

"ಮೇಡಂ, ನಾನು ಅವಳ ಮಗ!" ಬಾಯಿಂದ ಬಂದೇಬಿಟ್ಟಿತು. ಹೊರಗೆ ಐವತ್ತು ಡಿಗ್ರಿ ಬಿಸಿಲು, ಕೋಣೆಯೊಳಗೆ ಎ.ಸಿ. ಗುಯ್ಯೆನ್ನುತ್ತಿತ್ತು. ಪಾರ್ಕಿಂಗ್ ಲಾಟ್‌ನಲ್ಲಿ ಆ ಹಿರಿಯರು ಹೇಳಿದ ಮಾತೇ ನನ್ನ ಬಾಯಲ್ಲೂ ಬಂತು ಎಂದು ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಫೋನು ಇಟ್ಟಾಗಿತ್ತು.

ಆ ಸಿಟ್ಟಿನಲ್ಲೇ ವಾರ್ಡನ್‌ಗೆ ಫೋನ್ ಮಾಡಿ ಚಿಲಕದ ವಿಷಯಕ್ಕೆ ತರಾಟೆಗೆ ತೆಗೆದುಕೊಂಡೆ. ಒಬ್ಬ ಹೆಂಗಸಿಗೆ ಸ್ನಾನಕ್ಕೂ ಮರ್ಯಾದೆ ಬೇಡವೇ ಎಂದೆಲ್ಲಾ ಅಂದೆ. ಪಾಪ, ಅವರು ಕೇಳಿಸಿಕೊಂಡು, "ಸರ್, ಅಡ್ಮಿಶನ್ ದಿನ ನೀವೇ ಈಮೇಲ್ ಕಳಿಸಿದ್ದಿರಲ್ಲ" ಎಂದರು. ಹುಡುಕಿ ನೋಡಿದೆ. ಕಳಿಸಿದ್ದೆ. ಹಿಂದೆ ಬಿದ್ದಿದ್ದಾರೆ, ಸುರಕ್ಷತೆಯ ದೃಷ್ಟಿಯಿಂದ ದಯವಿಟ್ಟು ಒಳಚಿಲಕ ತೆಗೆಸಿ ಎಂದು ಅಂಡರ್‌ಲೈನ್ ಮಾಡಿ ಬರೆದಿದ್ದೆ. ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ಅವಳಿಗೂ ಇದು ಗೊತ್ತಿತ್ತಂತೆ. ಮಗ ಹೇಳಿ ಮಾಡಿಸಿದ್ದು ಎಂದೇ ಎರಡು ವರ್ಷ ಯಾರಿಗೂ ದೂರಲಿಲ್ಲ.

ನಾನು ಮಾಡಿದ್ದು ತಪ್ಪು ಎಂದು ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಮೂರು ಗಂಟೆ ಕಾಲ ತಣ್ಣಗಿನ ನೆಲದ ಮೇಲೆ ಅಮ್ಮ ಬಿದ್ದಿದ್ದಳು ಎನ್ನುವುದನ್ನು ನಾನು ಹೇಗೆ ಮರೆಯಲಿ? ಆದರೆ ಆ ನೆನಪಿನಿಂದ ನನಗೆ ನಿದ್ದೆ ಬರುವುದಿಲ್ಲ ಎಂದು ಅವಳ ಬಾಗಿಲಿನ ಚಿಲಕ ತೆಗೆಸಿದೆ. ಹೆದರಿಕೆ ನನ್ನದು, ಬೆಲೆ ತೆತ್ತವಳು ಅವಳು. ಮಗನಿಗೆ ಇದು ಕಾಣುವುದು ಕಷ್ಟ. ಪ್ರೀತಿ ಕಡಿಮೆಯಾಗಿ ಅಲ್ಲ, ಪ್ರೀತಿ ಇರುವುದರಿಂದಲೇ. ತಾಯಿಗೂ ಹೇಳುವುದು ಕಷ್ಟ. ನಮ್ಮ ಮನೆಗಳಲ್ಲಿ ವೃದ್ಧಾಶ್ರಮ ಎಂದರೆ ಮೊದಲೇ ಅವಮಾನ. ಅಲ್ಲಿ ಸರಿಯಿಲ್ಲ ಎಂದು ಅವಳು ಬಾಯಿ ಬಿಟ್ಟರೆ ಮಗನನ್ನು ಕಟಕಟೆಗೆ ಹತ್ತಿಸಿದ ಹಾಗೆ. ಆದ್ದರಿಂದ "ಚೆನ್ನಾಗಿದ್ದೀನಿ ಕಣೋ". ದುಡ್ಡನ್ನೂ ಕೊಡದ, ಮರ್ಯಾದೆಯನ್ನೂ ಪಣಕ್ಕಿಡದ ಮೂರನೆಯವರ ಮುಂದೆ ಮಾತ್ರ ಆ ಮಾತು ಬದಲಾಗುತ್ತದೆ. ತರಬೇತಿಯಲ್ಲಿ ನಾನು ನಕ್ಕ ನಿಯಮದ ಅರ್ಥ ಇದೇ ಇರಬೇಕು.

ಅನ್ನಸಂತರ್ಪಣೆಗೆ ಬಡಿಸಲು ಬನ್ನಿ ಎಂದರೆ ನಮ್ಮಲ್ಲಿ ಐವತ್ತು ಜನ ಮುಂದೆ ಬರುತ್ತೇವೆ. ನೀವಿರುವ ಊರಿನ ನರ್ಸಿಂಗ್ ಹೋಮ್‌ಗಳಲ್ಲಿ ಈಗ ನಮ್ಮ ಕಡೆಯ ಅಜ್ಜಿ ತಾತಂದಿರೂ ಇದ್ದಾರೆ. ಇಂಗ್ಲಿಷ್ ಕಲಿತಿದ್ದವರೂ ಕೊನೆಗಾಲದಲ್ಲಿ ಕನ್ನಡಕ್ಕೇ ಮರಳುತ್ತಾರೆ, ನಾನೇ ನೋಡಿದ್ದೇನೆ. ಸ್ವಯಂಸೇವಕರು ಬೇಕೇ ಎಂದು ನಿಮ್ಮ ರಾಜ್ಯದ ಓಂಬುಡ್ಸ್‌ಮನ್ ಕಚೇರಿಯನ್ನು ಒಮ್ಮೆ ಕೇಳಿ ನೋಡಿ. ನಿಮ್ಮ ಸ್ವಂತ ತಾಯಿ ಇರುವ ಮನೆಗೆ ಮಾತ್ರ ನಿಮ್ಮನ್ನು ಹಾಕುವುದಿಲ್ಲ. ಬೇಸರಪಟ್ಟುಕೊಳ್ಳಬೇಡಿ.

ಚಿಲಕದ ಕಥೆ ಹೇಳದೆ ಬಿಟ್ಟರೆ ನಮ್ಮ ಸಂಪಾದಕರು ಕೇಳದೆ ಇರುವುದಿಲ್ಲ. ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಒಂದು ಬಗೆಯ ಚಿಲಕ ಬರುತ್ತದೆ. ನಾನು ಅದನ್ನೇ ಹಾಕಿಸಿ ಎಂದು ವಾರ್ಡನ್‌ಗೆ ಬರೆಯಲು ಕೂತವನು, ಅಳಿಸಿ, ಮೇಡಂ ಮೂಲಕ ಅಮ್ಮನನ್ನು ಕೇಳಿಸಿದೆ. ಮೊದಲು ಬೇಡ ಎಂದಳಂತೆ. ನಾಣ್ಯ ಯಾರ ಹತ್ತಿರ ಇರುತ್ತದೆ ಎಂದು ಕೇಳಿದಳಂತೆ. ಮುಂದಿನ ವಾರ, ನಾಣ್ಯ ರಾತ್ರಿ ಪಾಳಿಯ ಆಯಾ ಒಬ್ಬಳ ಹತ್ತಿರ ಮಾತ್ರ ಇರುವುದಾದರೆ ಆಗಬಹುದು ಎಂದಳಂತೆ. ಹಾಗೇ ಆಗಿದೆ. ದೀಪ ಈಗ ಒಂಬತ್ತರವರೆಗೆ ಇರುತ್ತದೆ.

ಮೂರನೆಯ ವಿಷಯ ಏನೆಂದು ನನಗೆ ಇನ್ನೂ ಗೊತ್ತಿಲ್ಲ. ಶನಿವಾರ ಮೇಡಂ ಹೋಗುವುದು ನಾಲ್ಕು ಗಂಟೆಗೆ. ಆದ್ದರಿಂದ ನಾನು ಅಮ್ಮನಿಗೆ ಫೋನ್ ಮಾಡುವುದನ್ನು ಭಾನುವಾರಕ್ಕೆ ಬದಲಾಯಿಸಿಕೊಂಡಿದ್ದೇನೆ.